ಪಾವಗಡದ ನೀರು, ಪುಟ್ಟಿಯ ಹಲ್ಲು

ಮಾರ್ಚ್ 12, 2025, ಬುಧವಾರ

ದಂತವೈದ್ಯರು ಪುಟ್ಟಿಯ ಬಾಯಿಗೆ ದೀಪ ತಿರುಗಿಸಿದವರೇ ಕೇಳಿದ್ದು, "ಯಾವ ಊರಮ್ಮಾ?" ಪಾವಗಡದ ಕಡೆ ಎಂದಳು. "ಕೊಳವೆಬಾವಿಯ ನೀರು ಕುಡಿದು ಬೆಳೆದಿದ್ದೀಯ. ಇದು ಹಲ್ಲುಜ್ಜದೆ ಬಂದ ಕಲೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದೂ ಇಲ್ಲ" ಎಂದರು. ಅವಳ ಕಣ್ಣು ತುಂಬಿತು. ಹಾಸ್ಟೆಲಿನಲ್ಲಿ, ಮದುವೆಮನೆಗಳಲ್ಲಿ, ಮೊನ್ನೆ ಹೆಣ್ಣು ನೋಡಲು ಬಂದವರಿಂದಲೂ ಬೇರೆಯದೇ ಮಾತು ಕೇಳಿದ ಹುಡುಗಿ ಅವಳು. ಇಷ್ಟು ವರ್ಷಗಳಲ್ಲಿ ಇದನ್ನು ಹೇಳುವವರು ಒಬ್ಬರೂ ಸಿಗಲಿಲ್ಲವಲ್ಲ! ನನಗೆ ಇನ್ನೂ ಕೋಪ ಇಳಿದಿಲ್ಲ.

ಕಾರಣ ಆ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ. ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯಿದೆ. ಒಸಡಿನೊಳಗೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕಟ್ಟಿಕೊಳ್ಳುವ ಎಳವೆಯಲ್ಲಿ ಅದು ಹೆಚ್ಚಾಗಿ ಒಳಗೆ ಹೋದರೆ, ಆ ಗುರುತು ಹಲ್ಲಿನೊಡನೆಯೇ ಹುಟ್ಟಿ ಬರುತ್ತದೆ. ಆಮೇಲೆ ಎಂಥ ಶುದ್ಧ ನೀರು ಕುಡಿದರೂ ಅದು ಅಳಿಯದು.

ಹಲ್ಲು ಬೆಳ್ಳಗಾಗಿಸಲು ಅವಳ ಹಲ್ಲಿನ ಅಚ್ಚು ತೆಗೆದರು. ಅದರ ಮೇಲೆ ಅವಳ ಹಲ್ಲಿನ ಸಾಲಿಗೇ ಕೂರುವ ತೆಳುವಾದ ಪಾರದರ್ಶಕ ಟ್ರೇ ಮಾಡಿಕೊಡುತ್ತಾರೆ. ರಾತ್ರಿ ಹಲ್ಲುಜ್ಜಿ, ಟ್ರೇಯೊಳಗೆ ಒಂದೊಂದು ಹಲ್ಲಿಗೆ ಒಂದೊಂದು ತೊಟ್ಟು ಜೆಲ್ ಹಾಕಿ ಮಲಗಬೇಕು; ಹಲ್ಲನ್ನು ಬಿಳುಪಾಗಿಸುವ ರಾಸಾಯನಿಕ, ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್. ಒಸಡಿಗೆ ತಾಗಿದ್ದನ್ನು ಒರೆಸಬೇಕು. ತಣ್ಣೀರಿಗೆ ಹಲ್ಲು ಜುಮ್ಮೆಂದರೆ ಒಂದು ರಾತ್ರಿ ಬಿಡಬೇಕು. ವೈದ್ಯರು ಆಸೆ ಹುಟ್ಟಿಸಿ ಕಳಿಸಲಿಲ್ಲ, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಕಾಫಿ, ಚಹಾದ ಕಲೆ ಎರಡು ವಾರದಲ್ಲಿ ತಿಳಿಯಾಗಬಹುದು, ಈ ಕಂದು ಬಣ್ಣಕ್ಕೆ ತಿಂಗಳುಗಳೇ ಬೇಕಾದೀತು. ಬಿಳಿ ಮಚ್ಚೆಗಳು ಮೊದಮೊದಲು ಇನ್ನಷ್ಟು ಎದ್ದು ಕಾಣಬಹುದು. ಮುಂದಿನ ಹಲ್ಲಿಗೆ ತುಂಬಿಸಿರುವ ಸಿಮೆಂಟ್ ಬಣ್ಣ ಬದಲಿಸುವುದೇ ಇಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದರು.

ಬಸ್ಸಿನಲ್ಲಿ ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಿಕ್ಕಮ್ಮ, ತಮ್ಮನದೂ ಹೀಗೇ ಇದೆಯಲ್ಲ. ನನ್ನದು ಬೆಳ್ಳಗಾದ ಮೇಲೆ ಅವನ ಪಕ್ಕ ನಿಂತು ಹೇಗೆ ನಗಲಿ?"

"ಅವನು ಇನ್ನೂ ಚಿಕ್ಕವನು. ಹದಿನೆಂಟು ತುಂಬಲಿ, ಅವನಿಗೂ ಮಾಡಿಸೋಣ."

"ಹುಡುಗನ ಕಡೆಯವರಿಗಾಗಿ ಮಾಡಿಸುತ್ತಿದ್ದೇನೆ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಾಳೆ. ನನಗೆ ಹಾಗಲ್ಲ ಚಿಕ್ಕಮ್ಮ. ಪಾಠ ಮಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನಲ್ಲ, ಅದು ಬಿಟ್ಟುಹೋದರೆ ಸಾಕು."

ಅವಳ ಕೈಯನ್ನು ಹಿಡಿದುಕೊಂಡೆ. ಈ ಹುಡುಗಿಯ ಬುದ್ಧಿ ನನ್ನ ಅಕ್ಕನಿಗೆ ಅರ್ಥವಾಗುವುದು ಯಾವಾಗ?

ಮನೆಗೆ ಬಂದು ಹೊಟ್ಟೆತುಂಬ ಚಿತ್ರಾನ್ನ ತಿಂದೆವು. ಜೆಲ್ ಶುರುವಾದ ಮೇಲೆ ಅರಿಶಿನವೂ ಕಡಿಮೆ ಮಾಡಬೇಕಂತೆ.

ಅಕ್ಕ ಶುದ್ಧ ನೀರಿನ ಘಟಕದಿಂದ ತರುವುದು ಕುಡಿಯಲು ಮಾತ್ರ. ಅನ್ನ, ಸಾರು ಎಲ್ಲಕ್ಕೂ ಈಗಲೂ ಕೊಳವೆಬಾವಿಯ ನೀರೇ. ಕುದಿಸಿದರೆ ಸರಿಹೋಗುತ್ತದೆ ಎಂದು ನಂಬಿದ್ದಾಳೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಅದರ ಅಂಶ ಹೆಚ್ಚುತ್ತದೆ. ಆ ಮನೆಯಲ್ಲಿ ಈಗ ಮೊಮ್ಮಗುವಿದೆ. ಅನ್ನ ತಿನ್ನಲು ಶುರುಮಾಡಿದೆ, ಮುಂದೆ ಬರುವ ಹಲ್ಲುಗಳು ಒಸಡಿನೊಳಗೆ ಈಗಲೇ ಕಟ್ಟಿಕೊಳ್ಳುತ್ತಿವೆ. ಬೆಳಿಗ್ಗೆ ಎದ್ದೊಡನೆ ಫೋನ್ ಮಾಡಬೇಕು. ಅಡುಗೆಗೂ ಸೇರಿದರೆ ಇನ್ನೂ ಒಂದೆರಡು ಕ್ಯಾನ್ ಬೇಕು, ಆ ಮಂಡಿನೋವಿನಲ್ಲಿ ಅಕ್ಕ ಹೊತ್ತು ತರಲಾರಳು, ಭಾವ ಬೆಳಿಗ್ಗೆಯೇ ಹೊಲಕ್ಕೆ ಹೋಗಿರುತ್ತಾರೆ, ಹಾಗಾದರೆ ಯಾರನ್ನು ಕಳಿಸುವುದು?