ಆಕ್ಸಿಜನ್ ಕೊಡುವುದನ್ನು ಮತ್ತೆ ಮೊದಲಿಂದ ಕಲಿತೆ

ಹನ್ನೊಂದು ವರ್ಷ ನರ್ಸ್ ಆಗಿ ದುಡಿದ ಮೇಲೆ ಆಕ್ಸಿಜನ್ ಕೊಡುವುದು ಹೇಗೆ ಅಂತ ಕಲಿಯಲು ಆರು ತಿಂಗಳ ಫೆಲೋಶಿಪ್‌ಗೆ ಹೋಗಿದ್ದೆ. ಫೀಸ್ ಇಲ್ಲ. ತಿಂಗಳು ತಿಂಗಳು ಸ್ಟೈಪೆಂಡ್. ಇನ್ನೂ ದೊಡ್ಡ ವಿಷಯ ಅಂದರೆ, ವಾರ್ಡಿನಲ್ಲಿ ನನ್ನ ಬದಲು ಡ್ಯೂಟಿ ಮಾಡಿದವರ ಸಂಬಳವನ್ನೂ ಫಂಡ್ ಕೊಟ್ಟವರೇ ಕೊಟ್ಟರು. "ಆಕ್ಸಿಜನ್ ಕೊಡೋಕೂ ಫೆಲೋಶಿಪ್ಪಾ ಸಿಸ್ಟರ್? ತಿರುಗಿಸಿದ್ರೆ ಬರುತ್ತಲ್ಲ" ಅಂತ ಜೊತೆಯವರು ಕೇಳಿದ್ದರು.

ತಿರುಗಿಸಿದರೆ ಬರುತ್ತದೆ, ನಿಜ. ಎಷ್ಟು ತಿರುಗಿಸಬೇಕು ಅನ್ನುವುದು ಗೊತ್ತಿಲ್ಲದೆ ಹೋದ ಒಂದು ರಾತ್ರಿ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹಿಂದೆ ನಾನಿದ್ದ ಒಂದು ಆಸ್ಪತ್ರೆ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲದ ಶ್ವಾಸಕೋಶದ ಕಾಯಿಲೆ) ಇದ್ದ ಅಜ್ಜ ಒಬ್ಬರು ಏದುಸಿರು ಬಿಡುತ್ತಾ ಬಂದರು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟು ತುಂಬಿದೆ ಅನ್ನುವ ಅಂಕಿ, 84. ಬ್ಯಾಗ್ ಇರುವ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಬಿಟ್ಟೆ. ಸ್ವಲ್ಪ ಹೊತ್ತಿಗೆ 99 ತೋರಿಸಿತು, ನನಗೂ ಅವರ ಮಗಳಿಗೂ ಸಮಾಧಾನ. ಒಂದು ಗಂಟೆ ಆದ ಮೇಲೆ ನೋಡಿದರೆ ಅಜ್ಜ ಮಲಗಿದ್ದರು. ದಣಿದಿದ್ದಾರೆ, ಮಲಗಲಿ ಪಾಪ ಅಂದುಕೊಂಡೆ. ಅದು ನಿದ್ದೆ ಆಗಿರಲಿಲ್ಲ. ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿದಿತ್ತು. ಡಾಕ್ಟರ್ ಬಂದು ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿದರು, ಅಜ್ಜ ಉಳಿದರು. ಕೇಸ್ ಶೀಟ್ ತೆಗೆದು ನೋಡಿದರೆ "ಆಕ್ಸಿಜನ್ ಕೊಡಿ" ಅಂತಷ್ಟೇ ಇತ್ತು. ಎಷ್ಟು ಕೊಡಬೇಕು, ಸ್ಯಾಚುರೇಷನ್ ಎಲ್ಲಿ ನಿಲ್ಲಬೇಕು ಅಂತ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಫೆಲೋಶಿಪ್‌ನ ಮೊದಲ ವಾರವೆಲ್ಲಾ ಇದೇ ಪಾಠ. ಆಕ್ಸಿಜನ್ ಒಂದು ಔಷಧ, ಅದಕ್ಕೂ ಡೋಸ್ ಇದೆ. ಸಾಮಾನ್ಯ ರೋಗಿಗೆ ಸ್ಯಾಚುರೇಷನ್ 94ರಿಂದ 98ರ ನಡುವೆ ಇದ್ದರೆ ಸಾಕು, ಸಿಒಪಿಡಿಯಂಥ ಕಾಯಿಲೆಯವರಿಗೆ 88ರಿಂದ 92. ಬ್ರಿಟನ್ನಿನ ಶ್ವಾಸಕೋಶ ತಜ್ಞರ ಸಂಘ ಥೊರಾಸಿಕ್ ಸೊಸೈಟಿ ಇದನ್ನು 2008ರಲ್ಲೇ ಹೇಳಿದೆ. ಈ ರೋಗಿಗಳಿಗೆ ಆಕ್ಸಿಜನ್ ಜಾಸ್ತಿಯಾದರೆ ಉಸಿರಾಡುವ ಚಾಲನೆಯೇ ನಿಂತುಹೋಗುತ್ತದೆ ಅಂತ ನಾವೆಲ್ಲ ಓದಿದ್ದೆವು ಅಲ್ವಾ, ಅದು ಪೂರ್ತಿ ಕಥೆ ಅಲ್ಲ. ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಹೋಗದ ಜಾಗಕ್ಕೆ ರಕ್ತವೂ ಕಡಿಮೆ ಹೋಗುವ ಹಾಗೆ ಮೈ ತಾನೇ ರಕ್ತನಾಳ ಬಿಗಿ ಮಾಡಿಕೊಂಡಿರುತ್ತದೆ. ನಾವು ಆಕ್ಸಿಜನ್ ಸುರಿದರೆ ಆ ಬಿಗಿ ಸಡಿಲವಾಗಿ, ಕೆಟ್ಟ ಜಾಗಕ್ಕೇ ರಕ್ತ ಹರಿದು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಉಳಿದುಬಿಡುತ್ತದೆ. ಜೊತೆಗೆ ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹಿಡಿದಿದ್ದ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಬಿಡುತ್ತದೆ. ಇದನ್ನು ಬೋರ್ಡ್ ಮೇಲೆ ಬರೆಯುತ್ತಿದ್ದಾಗ ನನಗೆ ಕಂಡಿದ್ದು ಆ ಅಜ್ಜನ ಮುಖ.

2010ರಲ್ಲಿ ಬಂದ ಒಂದು ಅಧ್ಯಯನವನ್ನೂ ಓದಿಸಿದರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಸಿಒಪಿಡಿ ಉಲ್ಬಣಿಸಿದೆ ಅಂತ ಅಂದಾಜಿಸಿ ಆಂಬುಲೆನ್ಸ್‌ನಲ್ಲಿ ತಂದ 405 ಜನರಲ್ಲಿ ಕೆಲವರಿಗೆ ಜೋರಾಗಿ, ಕೆಲವರಿಗೆ ಅಳತೆ ನೋಡಿ ಆಕ್ಸಿಜನ್ ಕೊಟ್ಟಿದ್ದರು. ಜೋರಾಗಿ ಕೊಟ್ಟವರಲ್ಲಿ ನೂರಕ್ಕೆ 9 ಜನ ತೀರಿಹೋದರು, ಅಳತೆ ನೋಡಿದವರಲ್ಲಿ 4. ಔಷಧ ಅದೇ, ಕೈ ಅದೇ, ತಿರುಗಿಸಿದ್ದು ಮಾತ್ರ ಬೇರೆ.

ಆಮೇಲೆ ಕೈಕೆಲಸ. ನನಗೆ ತುಂಬಾ ಹಿಡಿಸಿದ್ದು ಇದೇ. ನಿಮಿಷಕ್ಕೆ ಎಷ್ಟು ಲೀಟರ್ ಆಕ್ಸಿಜನ್ ಹೋಗುತ್ತಿದೆ ಅಂತ ತೋರಿಸುವ ಫ್ಲೋಮೀಟರಿನ ಗುಂಡನ್ನು ಕಣ್ಣಿನ ಮಟ್ಟಕ್ಕೆ ತಂದು ಅದರ ನಡುಭಾಗ ಯಾವ ಗೆರೆಯ ಮೇಲಿದೆ ಅಂತ ನೋಡಬೇಕು, ಗುಂಡಿನ ತಲೆಯನ್ನಲ್ಲ. ಬ್ಯಾಗ್ ಇರುವ ಮಾಸ್ಕನ್ನು ಮುಖಕ್ಕೆ ಇಡುವ ಮೊದಲು ಒಳಗಿನ ವಾಲ್ವ್ ಮೇಲೆ ಬೆರಳಿಟ್ಟು ಬ್ಯಾಗ್ ಉಬ್ಬುವ ತನಕ ಕಾಯಬೇಕು, ರೋಗಿ ಉಸಿರೆಳೆದಾಗ ಅದು ಪೂರ್ತಿ ಬತ್ತಬಾರದು. ನಾನು ಎಷ್ಟೋ ಸಲ ಚಪ್ಪಟೆ ಬ್ಯಾಗನ್ನೇ ಮುಖಕ್ಕೆ ಕಟ್ಟಿ ಬೇರೆ ಕೆಲಸಕ್ಕೆ ಓಡಿದ್ದೇನೆ.

ಸಿಲಿಂಡರ್ ಲೆಕ್ಕವೂ ಅಷ್ಟೇ. ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಅದನ್ನು ಗೇಜಿನ ಬಾರ್ (ಒತ್ತಡದ ಅಳತೆ) ಅಂಕಿಯಿಂದ ಗುಣಿಸಬೇಕು. 10 ಲೀಟರಿನ ಸಿಲಿಂಡರ್, ಗೇಜಿನಲ್ಲಿ 150 ಬಾರ್ ಇದ್ದರೆ ಒಳಗಿರುವುದು ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ, ಅದೂ ಪೂರ್ತಿ ಖಾಲಿ ಮಾಡಿದರೆ. ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ಈ ಲೆಕ್ಕ ಹಾಕದೆ ವ್ಯಾನ್ ಹತ್ತಿಸಬಾರದು. ಇದನ್ನು ಸುಮ್ನೆ ಓದಿದರೆ ಮರೆಯುತ್ತೀರಿ, ಗೇಜಿನ ಮುಂದೆ ನಿಂತು ಹತ್ತು ಸಲ ಮಾಡಬೇಕು.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಬಗ್ಗೆ ಕಲಿತದ್ದು ನನ್ನನ್ನು ಬೆಚ್ಚಿಬೀಳಿಸಿತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅಂಕಿ ನಂಬುವ ಹಾಗಿಲ್ಲ. ಹೊಗೆಯಲ್ಲಿ ಸಿಕ್ಕಿಕೊಂಡು ಬಂದವರಿಗೆ ಅದು ಕಾರ್ಬನ್ ಮೊನಾಕ್ಸೈಡನ್ನೂ ಆಕ್ಸಿಜನ್ ಅಂತಲೇ ಓದುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆಯೂ ಹೆಚ್ಚು. ನಾನು ವರ್ಷಾನುಗಟ್ಟಲೆ ಆ ಅಂಕಿಯನ್ನೇ ನೋಡುತ್ತಾ ರೋಗಿಯ ಮುಖ ನೋಡುವುದನ್ನು ಬಿಟ್ಟಿದ್ದೆ. ಹುಟ್ಟಿದ ಕೂಸುಗಳ ವಿಷಯ ಇನ್ನೂ ಸೂಕ್ಷ್ಮ. 1940, 50ರ ದಶಕಗಳಲ್ಲಿ ದಿನ ತುಂಬದೆ ಹುಟ್ಟಿದ ಸಾವಿರಾರು ಮಕ್ಕಳ ಕಣ್ಣು ಹೋಗಿದ್ದು, ಒಳ್ಳೆಯದಾಗಲಿ ಅಂತಲೇ ಕೊಟ್ಟ ಆಕ್ಸಿಜನ್ ಅತಿಯಾಗಿದ್ದರಿಂದ.

ಈಗ ದುಡ್ಡಿನ ಮಾತು. ಆಕ್ಸಿಜನ್ ಅಂದರೆ ದಾನಿಗಳು ಮೊದಲು ಕೊಡುವುದು ಯಂತ್ರ. ಕೋವಿಡ್ ಸಮಯದಲ್ಲಿ ನಮಗೂ ಕಾನ್ಸಂಟ್ರೇಟರ್‌ಗಳು, ಅಂದರೆ ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರಗಳು ಬಂದವು. ಫಿಲ್ಟರ್ ತೊಳೆಯಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಫೆಲೋಶಿಪ್‌ನಿಂದ ಬಂದು ಒಂದನ್ನು ತೆರೆದರೆ ಫಿಲ್ಟರ್ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಅನಲೈಸರ್ ಹಿಡಿದರೆ ನೂರಕ್ಕೆ 93ರ ಆಸುಪಾಸು ಬರಬೇಕಾದ ಕಡೆ 70 ಕೂಡ ಬರಲಿಲ್ಲ. ಪಪುವಾ ನ್ಯೂ ಗಿನಿಯ ಐದು ಆಸ್ಪತ್ರೆಗಳಲ್ಲಿ ಕಾನ್ಸಂಟ್ರೇಟರ್, ಪಲ್ಸ್ ಆಕ್ಸಿಮೀಟರ್ ಕೊಟ್ಟು, ಜೊತೆಗೆ ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಾಗ ನ್ಯುಮೋನಿಯಾದಿಂದ ಮಕ್ಕಳು ಸಾಯುವ ಪ್ರಮಾಣ ಸುಮಾರು ನೂರಕ್ಕೆ 35ರಷ್ಟು ಇಳಿಯಿತು ಅಂತ 2008ರಲ್ಲಿ ವರದಿ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಯಂತ್ರಕ್ಕೆ ದುಡ್ಡು ಕೊಡುವವರು ಅದನ್ನು ನಡೆಸುವವರ ಸಮಯಕ್ಕೂ ಕೊಡಬೇಕು. ನಮ್ಮಂಥ ಸಣ್ಣ ಆಸ್ಪತ್ರೆಯ ನರ್ಸ್ ರಜೆ ಹಾಕಿ, ಸಂಬಳ ಕಳೆದುಕೊಂಡು, ಮನೆ ನಡೆಸುತ್ತಾ ಆರು ತಿಂಗಳು ಓದಲು ಆಗುವುದಿಲ್ಲ. ನನ್ನ ಬದಲಿಗೆ ಒಬ್ಬರನ್ನು ಕೊಡದಿದ್ದರೆ ನಮ್ಮ ಮೇಡಂ ನನ್ನನ್ನು ಬಿಡುತ್ತಲೂ ಇರಲಿಲ್ಲ, ಅದು ಅವರ ತಪ್ಪೂ ಅಲ್ಲ.

ಹೋದ ವಾರ ನೈಟ್ ಡ್ಯೂಟಿಯಲ್ಲಿ ಸಿಒಪಿಡಿಯ ಅಜ್ಜಿಯೊಬ್ಬರು ಬಂದರು. ನಾನು ಬರುವಷ್ಟರಲ್ಲಿ ನಮ್ಮ ಹೊಸ ಹುಡುಗಿ ಡಾಕ್ಟರ್‌ಗೆ ಫೋನ್ ಹಚ್ಚಿದ್ದಳು. "ಸರ್, ಟಾರ್ಗೆಟ್ ಎಷ್ಟು ಬರೆದುಕೊಳ್ಳಲಿ?" ಅಂತ ಕೇಳಿ, 88-92 ಅಂತ ಶೀಟಿನಲ್ಲಿ ಬರೆದು, 4 ಲೀಟರಿದ್ದ ಫ್ಲೋವನ್ನು 2ಕ್ಕೆ ಇಳಿಸಿದಳು. ಆಮೇಲೆ ಸ್ಟೂಲ್ ಎಳೆದುಕೊಂಡು ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ನಿದ್ದೆ ಬರ್ತಿದೆಯಾ? ನನ್ನ ಹತ್ರ ಸ್ವಲ್ಪ ಮಾತಾಡಿ" ಅಂದಳು.