ಮೆಕಾಂಗ್ ಮೇಲೆ ಜ್ವರದ ಒಂದು ದಿನ

ಲಾವೋಸ್‌ನ ಪಾಕ್‌ಬೆಂಗ್‌ನಲ್ಲಿ ಬೆಳಗಿನ ಎಂಟು ಗಂಟೆಯಾದರೂ ನದಿ ಕಾಣುತ್ತಿರಲಿಲ್ಲ. ಅದು 2023ರ ಜನವರಿ. ಮೆಕಾಂಗ್ ಮೇಲಿನ ಮಂಜು ದಡದ ಮೆಟ್ಟಿಲುಗಳವರೆಗೂ ಏರಿಬಂದಿತ್ತು. ಕೆಳಗೆ ಕಟ್ಟಿದ್ದ ದೋಣಿಗಳ ಛಾವಣಿ ಮಾತ್ರ ಅಲ್ಲಲ್ಲಿ ಮಸುಕಾಗಿ ತೋರುತ್ತಿತ್ತು. ಮನೆ ಬಿಟ್ಟು ನಾವು ನಾಲ್ಕನೆಯ ತಿಂಗಳಿಗೆ ಕಾಲಿಟ್ಟಿದ್ದೆವು. ಏಳು ವರ್ಷದ ಮಗಳು ತನ್ನ ಚೀಲವನ್ನು ತಾನೇ ಬೆನ್ನಿಗೇರಿಸಿಕೊಂಡು ಅಪ್ಪನ ಹಿಂದೆ ಮೆಟ್ಟಿಲಿಳಿಯುತ್ತಿದ್ದಳು. ನಾಲ್ಕು ವರ್ಷದ ಮಗ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದ. ಸಾಮಾನ್ಯವಾಗಿ ದೋಣಿ ಕಂಡರೆ ಕೈಬಿಡಿಸಿಕೊಂಡು ಓಡುವ ಮಗು ಅಂದು ಹಾಗೆ ಸುಮ್ಮನೆ ಮಲಗಿದ್ದನ್ನು ನಾನು ಗಮನಿಸಲಿಲ್ಲವೆಂದಲ್ಲ, ಗಮನಿಸಿಯೂ ಮೆಟ್ಟಿಲಿಳಿದೆ.

ಥಾಯ್ಲೆಂಡ್‌ನ ಚಿಯಾಂಗ್ ಖೋಂಗ್‌ನಿಂದ ಸ್ನೇಹ ಸೇತುವೆ ದಾಟಿ ಲಾವೋಸ್‌ನ ಹುವಾಯ್ ಸಾಯ್‌ಗೆ ಬಂದವರು ಲುವಾಂಗ್ ಪ್ರಬಾಂಗ್ ಸೇರಲು ಈ ನಿಧಾನದ ದೋಣಿ ಹಿಡಿಯುತ್ತಾರೆ. ಸುಮಾರು 300 ಕಿಲೋಮೀಟರ್ ದೂರ, ಎರಡು ಹಗಲಿನ ಪ್ರಯಾಣ, ನಡುವಿನ ರಾತ್ರಿ ಪಾಕ್‌ಬೆಂಗ್‌ನಲ್ಲಿ ತಂಗುವುದು. ಇದೇ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುವ ವೇಗದ ದೋಣಿಗಳೂ ಇವೆ. ಅವುಗಳಲ್ಲಿ ಕುಳಿತವರು ತಲೆಗೆ ಹೆಲ್ಮೆಟ್ ಹಾಕಿಕೊಂಡಿರುತ್ತಾರೆ. ಮಕ್ಕಳಿರುವ ನಮಗೆ ಅದು ಯೋಚಿಸುವ ಮಾತೇ ಆಗಿರಲಿಲ್ಲ. ನಿಧಾನದ ದೋಣಿಯೆಂದರೆ ಉದ್ದನೆಯ, ಕಿರಿದಾದ ಮರದ ದೋಣಿ. ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳನ್ನು ಅದರೊಳಗೆ ಎರಡು ಸಾಲಾಗಿ ಜೋಡಿಸಿರುತ್ತಾರೆ. ನಡೆಸುವವನು ಮುಂದೆ, ಎಂಜಿನ್ ಹಿಂದೆ, ಅದರ ಪಕ್ಕದ ಸಣ್ಣ ಕೋಣೆಯಲ್ಲಿ ಅವನ ಸಂಸಾರ.

ಹಿಂದಿನ ರಾತ್ರಿ ಮಗನ ಮೈ ತುಸು ಬೆಚ್ಚಗಿತ್ತು. ಬೆಳಿಗ್ಗೆ ತಣ್ಣಗಾಗಿತ್ತು, ಅರ್ಧ ಬಾಳೆಹಣ್ಣನ್ನೂ ತಿಂದಿದ್ದ. ಒಂದು ದಿನ ಇಲ್ಲೇ ಉಳಿಯೋಣವೇ ಎಂದು ಪತಿ ಕೇಳಿದರು. ಲುವಾಂಗ್ ಪ್ರಬಾಂಗ್‌ನಲ್ಲಿ ನಾಲ್ಕು ರಾತ್ರಿಗೆ ಕೋಣೆ ಕಾಯ್ದಿರಿಸಿದ್ದೆವು, ಐದನೆಯ ದಿನಕ್ಕೆ ರಾಜಧಾನಿ ವಿಯೆಂಟಿಯಾನ್‌ಗೆ ರೈಲಿನ ಟಿಕೆಟ್ ಆಗಿತ್ತು. ಆಸ್ಪತ್ರೆ ಬೇಕಾದರೂ ದೊಡ್ಡ ಊರೇ ಮೇಲಲ್ಲವೇ ಎಂದು ನಾನು ಹೇಳಿದೆ. ಆ ಮಾತು ಸರಿಯಾಗಿಯೇ ಇತ್ತು. ಆದರೆ ಅದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಆಸ್ಪತ್ರೆಯಲ್ಲ, ಕಳೆದುಹೋಗುವ ಕೋಣೆಯ ಹಣ ಎಂಬುದನ್ನು ಈಗಲೂ ಮರೆಯಲಾಗಿಲ್ಲ.

ದೋಣಿ ಬಿಟ್ಟು ಒಂದೂವರೆ ಗಂಟೆಯಾಗಿರಬಹುದು. ಮಂಜು ಹರಿದು ಎರಡೂ ದಡಗಳ ಕಾಡು, ನೀರಿನ ನಡುವೆ ಎದ್ದುನಿಂತ ಕಪ್ಪು ಬಂಡೆಗಳು, ನೀರಿಳಿದ ಮರಳ ದಿಬ್ಬಗಳಲ್ಲಿ ಬೆಳೆಸಿದ ತರಕಾರಿಯ ಪಾತಿಗಳು ಒಂದೊಂದಾಗಿ ಕಾಣತೊಡಗಿದವು. ಮಗನ ಕುತ್ತಿಗೆಗೆ ಕೈಯಿಟ್ಟವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಥರ್ಮಾಮೀಟರ್ 102 ಡಿಗ್ರಿ ತೋರಿಸಿತು.

ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುವವರು ಬಟ್ಟೆಗಿಂತ ಹೆಚ್ಚು ಎಚ್ಚರದಿಂದ ಔಷಧದ ಚೀಲವನ್ನು ತುಂಬಿರುತ್ತಾರೆ. ನಮ್ಮದರ ಮುಚ್ಚಳದ ಒಳಗೆ, ಹೊರಡುವ ಮೊದಲು ಮಕ್ಕಳ ವೈದ್ಯರನ್ನು ಕೇಳಿ ಬರೆದುಕೊಂಡ ಚೀಟಿಯೊಂದನ್ನು ಅಂಟಿಸಿದ್ದೆ. ಪ್ಯಾರಸಿಟಮಾಲ್ ಒಂದು ಕಿಲೋ ತೂಕಕ್ಕೆ ಒಮ್ಮೆಗೆ ಹೆಚ್ಚೆಂದರೆ 15 ಮಿಲಿಗ್ರಾಂ, ಎರಡು ಸರದಿಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್ ಬೇಡ, ಅದು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಮಗನ ತೂಕ 15 ಕಿಲೋ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್. ಮನೆಯಲ್ಲಿ ನಿದ್ದೆಗಣ್ಣಿನಲ್ಲೂ ಮಾಡಬಲ್ಲ ಲೆಕ್ಕವನ್ನು ಅಲ್ಲಿ ಪತಿ ಒಮ್ಮೆ, ನಾನು ಒಮ್ಮೆ, ಮತ್ತೆ ಇಬ್ಬರೂ ಸೇರಿ ಒಮ್ಮೆ ಮಾಡಿ, ಪಿಚಕಾರಿಯಲ್ಲಿ ನಾಲ್ಕೂವರೆ ಮಿಲಿಲೀಟರ್ ಎಳೆದು ಅವನ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟೆವು. ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿನ ಬಾಟಲಿಗೆ ಸುರಿದು ಕಲಕಿ, ಐದು ನಿಮಿಷಕ್ಕೊಮ್ಮೆ ಚಮಚದಲ್ಲಿ ಕುಡಿಸುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಳು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇನ್ನೂ ಐದಾರು ಗಂಟೆ ನೀರಿನ ಮೇಲೆಯೇ ಇರಬೇಕಿತ್ತು. ಇಳಿಯುತ್ತೇವೆಂದರೂ ಇಳಿಯುವ ಜಾಗವಿರಲಿಲ್ಲ.

ಆ ಗಂಟೆಗಳಲ್ಲಿ ಸಮಯವನ್ನು ನಾನು ಅಳೆದದ್ದು ಅವನ ಉಸಿರಿನಿಂದ. ಎರಡು ಸೀಟುಗಳ ಮೇಲೆ ಅಡ್ಡಲಾಗಿ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎಂಜಿನ್ನಿನ ನಡುಕ ದೋಣಿಯ ಹಲಗೆಯಿಂದ ಸೀಟಿಗೆ, ಸೀಟಿನಿಂದ ನನ್ನ ಕಾಲಿಗೆ ಹತ್ತಿ, ಇದು ಅದರ ನಡುಕವೋ ಮಗುವಿಗೆ ಚಳಿ ಹತ್ತಿತೋ ತಿಳಿಯದೆ ಮತ್ತೆಮತ್ತೆ ಅಂಗೈ ಮುಟ್ಟಿ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ದೋಣಿ ಒಂದು ಮರಳ ದಡಕ್ಕೆ ಮೂತಿ ತಾಗಿಸಿ ನಿಂತಿತು. ರಸ್ತೆಯಿಲ್ಲದ ಹಳ್ಳಿಗಳ ಜನಕ್ಕೆ ಇದೇ ಬಸ್ಸು. ಮೂಟೆಗಳು ಏರಿದವು, ಅವುಗಳ ಹಿಂದೆ ಒಬ್ಬ ಅಜ್ಜಿಯೂ ಆಕೆಯ ಮೊಮ್ಮಗನೂ ಏರಿದರು. ಹುಡುಗ ಲುವಾಂಗ್ ಪ್ರಬಾಂಗ್‌ನಲ್ಲಿ ಕಾಲೇಜು ಓದುತ್ತಿದ್ದ, ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು. ಅಜ್ಜಿ ನಮ್ಮ ಎದುರು ಸಾಲಿನಲ್ಲಿ ಕುಳಿತು ಮಗನನ್ನು ಸ್ವಲ್ಪ ಹೊತ್ತು ನೋಡಿದರು, ಬಗ್ಗಿ ಹಣೆಗೆ ಕೈಯ ಹಿಂಬದಿ ತಾಗಿಸಿದರು, ಮೊಮ್ಮಗನಿಗೆ ಏನೋ ಹೇಳಿದರು. ನೆಂಟರ ಮನೆಯಲ್ಲಿ ಬಾಸಿ ಎಂಬ ನೂಲು ಕಟ್ಟುವ ಶಾಸ್ತ್ರಕ್ಕೆಂದು ಅವರು ಬಿಳಿಯ ಹತ್ತಿ ನೂಲಿನ ಕಂತೆಯನ್ನು ಒಯ್ಯುತ್ತಿದ್ದರು. ಮನುಷ್ಯನ ಮೈಯಲ್ಲಿ 32 ಖ್ವಾನ್‌ಗಳಿರುತ್ತವೆ, ಅವು ಜೀವವನ್ನು ಕಾಯುತ್ತವೆ, ದೂರ ಪ್ರಯಾಣದಲ್ಲಿ, ಕಾಯಿಲೆಯಲ್ಲಿ, ಹೆದರಿಕೆಯಲ್ಲಿ ಅವುಗಳಲ್ಲಿ ಕೆಲವು ಮೈಬಿಟ್ಟು ಅಲೆಯುತ್ತವೆ, ಅವನ್ನು ಕರೆದು ಮಣಿಕಟ್ಟಿಗೆ ನೂಲು ಕಟ್ಟಿದರೆ ಹಿಂದಿರುಗಿ ನಿಲ್ಲುತ್ತವೆ ಎಂದು ಹುಡುಗ ವಿವರಿಸಿದ. ಕಟ್ಟಬಹುದೇ ಎಂದು ಅಜ್ಜಿ ನನ್ನನ್ನು ಕಣ್ಣಲ್ಲೇ ಕೇಳಿದರು.

ನೂಲಿನ ತುದಿಯಿಂದ ಮಗನ ಕೈಯನ್ನು ಮೊದಲು ಹೊರಮುಖವಾಗಿ ಸವರಿದರು, ಕೆಟ್ಟದ್ದನ್ನು ಗುಡಿಸಿ ಹಾಕುವ ಹಾಗೆ. ಆಮೇಲೆ ಒಳಮುಖವಾಗಿ. ತುಟಿಯಲ್ಲೇ ಏನನ್ನೋ ಹೇಳುತ್ತಾ ಎರಡು ಗಂಟು ಹಾಕಿ, ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬೇಸಾಯದಲ್ಲಿ ಸವೆದ, ಉಗುರಿನ ಸಂದಿಯಲ್ಲಿ ಮಣ್ಣು ನಿಂತ ಆ ಹೆಬ್ಬೆರಳಿನ ಕೆಳಗೆ ಮಗುವಿನ ಮಣಿಕಟ್ಟು ಎಷ್ಟು ತೆಳುವಾಗಿ ಕಂಡಿತೆಂದರೆ, ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು. ಅಜ್ಜಿ ನನ್ನ ಮೊಣಕಾಲನ್ನು ತಟ್ಟಿ ‘ಬೋ ಪೆನ್ ಞಾಂಗ್’ ಎಂದರು. ಏನೂ ಆಗುವುದಿಲ್ಲ ಎಂಬ ಆ ಮಾತಿಗೆ ಮೊಮ್ಮಗನ ಅನುವಾದ ಬೇಕಾಗಲಿಲ್ಲ.

ಮಗಳು ಇದನ್ನೆಲ್ಲ ಚಮಚ ಹಿಡಿದುಕೊಂಡೇ ಕೇಳುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮಾ, ಪುಟ್ಟನ ಒಂದು ಖ್ವಾನ್ ಚಿಯಾಂಗ್ ರಾಯ್‌ನಲ್ಲೇ ಉಳಿದಿರಬೇಕು, ಆ ಮನೆಯ ಬೆಕ್ಕಿನ ಹತ್ತಿರ” ಎಂದಳು. ಆಮೇಲೆ ತನ್ನ ನೋಟ್‌ಬುಕ್ ತೆಗೆದಳು. ನಾವು ಮಲಗಿದ ಪ್ರತಿಯೊಂದು ಹಾಸಿಗೆಯ ಚಿತ್ರವನ್ನು ಅವಳು ಅದರಲ್ಲಿ ಬರೆಯುತ್ತಿದ್ದಳು. ಹದಿನಾಲ್ಕು ವಾರಗಳಲ್ಲಿ ಅಂಥ ಚಿತ್ರಗಳು ಇಪ್ಪತ್ತೊಂದು ಆಗಿದ್ದವು. ಒಂದೊಂದರ ಪಕ್ಕದಲ್ಲೂ ಅವಳು, ಯಾರದ್ದು ಎಷ್ಟು ಉಳಿದಿರಬಹುದೆಂದು ಯೋಚಿಸಿ, ಸಣ್ಣ ಸಣ್ಣ ಚುಕ್ಕೆಗಳನ್ನು ಇಡತೊಡಗಿದಳು. ನಿಧಾನವಾಗಿ ಸುತ್ತುತ್ತಿದ್ದೇವೆ, ಮಕ್ಕಳ ನಡಿಗೆಗೆ ತಕ್ಕಂತೆ ಹೋಗುತ್ತಿದ್ದೇವೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಆ ಪುಟಗಳನ್ನು ತಿರುಗಿಸಿ ನೋಡುವವರೆಗೆ ನಾನೂ ಹಾಗೆಯೇ ನಂಬಿದ್ದೆ. ದೊಡ್ಡವರಿಗೆ ಒಂದು ಊರೆಂದರೆ ನೋಡಿದ ಜಾಗಗಳು. ನಾಲ್ಕು ವರ್ಷದ ಮಗುವಿಗೆ ಅದು ಕತ್ತಲಲ್ಲಿ ಬಚ್ಚಲಿನ ಬಾಗಿಲು ಯಾವ ಕಡೆಗಿದೆಯೆಂಬ ಭರವಸೆ. ಅದನ್ನು ನಾವು ಇಪ್ಪತ್ತೊಂದು ಸಲ ಅವನಿಂದ ಕಿತ್ತುಕೊಂಡಿದ್ದೆವು. ಜ್ವರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ದಣಿದ ಮಗು ಬೇಗ ಕಾಯಿಲೆ ಬೀಳುತ್ತದೆ ಎಂಬುದನ್ನು ಯಾವ ತಾಯಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರು ಗಂಟೆಯ ಮೇಲೆ ದಡದಲ್ಲಿ ಕಾಡು ಕಡಿದು ಬಗೆದ ಕೆಂಪು ಮಣ್ಣಿನ ದಾರಿಗಳು ಕಂಡವು. ಅಲ್ಲಿ ಹೊಸ ಅಣೆಕಟ್ಟಿನ ಕಾಮಗಾರಿ ನಡೆದಿತ್ತು. ಬೇರೆ ದಿನವಾಗಿದ್ದರೆ ನದಿ, ಮೀನು, ದಡದ ಹಳ್ಳಿಗಳು ಎಂದು ಮಗಳೊಡನೆ ಎಷ್ಟೋ ಮಾತಾಡುತ್ತಿದ್ದೆ. ನಾಮ್ ಊ ನದಿ ಬಂದು ಸೇರುವಲ್ಲಿ ಸುಣ್ಣಕಲ್ಲಿನ ಬೆಟ್ಟ ನೀರಿನಿಂದ ನೇರವಾಗಿ ಎದ್ದು ನಿಂತಿತು. ಅದರ ಎದುರಿಗೆ, ಭಕ್ತರು ತಂದಿಟ್ಟ ಸಾವಿರಾರು ಬುದ್ಧನ ಮೂರ್ತಿಗಳಿರುವ ಪಾಕ್ ಊ ಗವಿಗಳು. ದೋಣಿಯವರೆಲ್ಲ ಒಂದೇ ಬದಿಗೆ ಸರಿದು ಫೋಟೊ ತೆಗೆದುಕೊಂಡರು. ಪಾಕ್ ಎಂದರೆ ಬಾಯಿ, ನದಿ ಬಂದು ಸೇರುವ ಜಾಗ ಎಂದು ಹುಡುಗನಿಂದ ಕಲಿತ ಮಗಳು, “ಹಾಗಾದರೆ ಪಾಕ್‌ಬೆಂಗ್ ಬೆಂಗ್ ನದಿಯ ಬಾಯಿ” ಎಂದು ತಾನೇ ಬಿಡಿಸಿ ಹೇಳಿದಳು. ಅಷ್ಟರಲ್ಲಿ ಮಗ ಕಣ್ಣು ಬಿಟ್ಟ. ಹಣೆಯಲ್ಲಿ ಬೆವರಿತ್ತು. ನೀರು ಕೇಳಿದ, ಕೈಯಲ್ಲಿದ್ದ ನೂಲನ್ನು ನೋಡಿ ಇದು ಯಾರದ್ದೆಂದು ಕೇಳಿದ.

ದೋಣಿ ನಿಲ್ಲುವ ಕಟ್ಟೆ ಲುವಾಂಗ್ ಪ್ರಬಾಂಗ್ ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ದೂರ. ಅಲ್ಲಿಂದ ತುಕ್‌ತುಕ್ ಹಿಡಿದು ಕೋಣೆಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋದೆವು. ಗಂಟಲು ಕೆಂಪಾಗಿದೆ ಎಂದರು, ರಕ್ತ ತೆಗೆದರು, ಡೆಂಗಿಯ ಪರೀಕ್ಷೆ ಮಾಡಿದರು. ಇಲ್ಲವೆಂದು ಫಲಿತಾಂಶ ಬರುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ವಿಯೆಂಟಿಯಾನ್ ರೈಲಿನ ಟಿಕೆಟ್ ರದ್ದುಮಾಡಿದೆವು. ನಮ್ಮ ಲಾವೋಸ್ ವೀಸಾ ಇದ್ದದ್ದು 30 ದಿನಕ್ಕೆ. ಅದರಲ್ಲಿ ಇಪ್ಪತ್ನಾಲ್ಕನ್ನು ಅದೇ ಕೋಣೆಯಲ್ಲಿ ಕಳೆದೆವು. ನೂಲನ್ನು ಮೂರು ದಿನವಾದರೂ ಬಿಚ್ಚಬಾರದೆಂದು ಅಜ್ಜಿ ಹೇಳಿ ಕಳುಹಿಸಿದ್ದರು. ಮೂರು ದಿನ ಕಳೆದರೂ ಮಗ ಬಿಚ್ಚಗೊಡಲಿಲ್ಲ. ಸ್ನಾನದಲ್ಲಿ, ಆಟದ ಮಣ್ಣಿನಲ್ಲಿ ಅದು ಬೂದಿಬಣ್ಣಕ್ಕೆ ತಿರುಗಿತು. ಎರಡನೆಯ ವಾರದ ಒಂದು ನಡುರಾತ್ರಿ ಅವನು ನನ್ನನ್ನು ಎಬ್ಬಿಸದೆ ತಾನೇ ಎದ್ದು, ಕತ್ತಲಲ್ಲಿ ಬಚ್ಚಲಿಗೆ ಹೋಗಿ, ಬಂದು ಮಲಗಿದ.