ಏಳು ವಿಷಲ್ ಆದ್ರೂ ಬೇಯದ ಬೇಳೆ, ಮತ್ತೆ ನನ್ನ ಬೇಸಿಗೆ ಅಡುಗೆ

ಹೆಂಡ್ತಿ ಹೆರಿಗೆಗೆ ಅಂತ ತವರಿಗೆ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ನಾನು ಇಲ್ಲಿ ಕೋಲಾರದಲ್ಲಿ ಒಬ್ನೇ, ಮೂರನೇ ಮಹಡಿ ಬಾಡಿಗೆ ಮನೆ, ತಲೆ ಮೇಲೆ ನೇರ ತಾರಸಿ. ಅಡುಗೆಮನೆ ಕಿಟಕಿಯಿಂದ ಅಂತರಗಂಗೆ ಬೆಟ್ಟ ಕಾಣುತ್ತೆ ಅಂತ ಮನೆ ನೋಡೋಕೆ ಬಂದಾಗ ಖುಷಿಪಟ್ಟಿದ್ದೆ, ಈಗ ಏಪ್ರಿಲ್‌ನಲ್ಲಿ ಆ ಬಂಡೆಗಳ ಕಡೆಯಿಂದ ಬರೋ ಗಾಳಿ ಮುಖಕ್ಕೆ ಹೊಡೆದ್ರೆ ಉರಿಯೋ ಒಲೆ ಮುಂದೆ ಕೂತಂಗೆ. ರಾತ್ರಿ ಹತ್ತು ಗಂಟೆಗೂ ಗೋಡೆ ಮುಟ್ಟಿದ್ರೆ ಬೆಚ್ಚಗಿರುತ್ತೆ.

ಮೊದಲ ವಾರ ಹೋಟ್ಲಲ್ಲೇ ತಿಂದೆ. ಹೊಟ್ಟೆ ಕೆಡ್ತು. ಅದಾದ್ಮೇಲೆ ನಾನೇ ಒಂದು ರೂಲ್ ಮಾಡ್ಕೊಂಡೆ: ಗ್ಯಾಸ್ ಹಚ್ಚೋದು ಬೆಳಗ್ಗೆ ಏಳರ ಒಳಗೆ, ಅದೂ ಇಪ್ಪತ್ತು ನಿಮಿಷ ಅಷ್ಟೇ, ಆಮೇಲೆ ನರಸಾಪುರದ ಬಸ್ ಹಿಡಿಬೇಕು, ಸಂಜೆ ವಾಪಸ್ ಬಂದ್ಮೇಲೆ ಒಲೆ ಮುಟ್ಟಂಗೇ ಇಲ್ಲ. ರೂಲ್ ಮಾಡೋದು ಸುಲಭ, ಎರಡನೇ ದಿನಾನೇ ಮುರಿದುಬಿತ್ತು, ಕಾರಣ ಒಂದು ಮಾವಿನಕಾಯಿ.

ನಮ್ಮತ್ತೆ ಮನೆ ಶ್ರೀನಿವಾಸಪುರದ ಕಡೆ. ಅಲ್ಲಿ ಮನೆಯೊಳಗೆ ಅರ್ಧ ಕನ್ನಡ ಅರ್ಧ ತೆಲುಗು, ಅಡುಗೆ ಹೆಸರುಗಳಂತೂ ಪೂರ್ತಿ ತೆಲುಗೇ, ಹಂಗಾಗಿ ತೊಗರಿಬೇಳೆಗೆ ಮಾವಿನಕಾಯಿ ಹಾಕಿ ಮಾಡೋದನ್ನ ಮಾಮಿಡಿಕಾಯ ಪಪ್ಪು ಅಂತಾರೆ, ಮದುವೆಯಾದ ಹೊಸದ್ರಲ್ಲಿ ಅದನ್ನ ತಿಂದವ್ನು ನಾನು ಇನ್ನೂ ಮರೆತಿಲ್ಲ. ಆ ದಿನ ಹಳೇ ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಅಜ್ಜಿ ಗಾಳಿಗೆ ಉದುರಿದ ಕಾಯಿನ ಗೋಣಿಚೀಲದ ಮೇಲೆ ಗುಡ್ಡೆ ಹಾಕ್ಕೊಂಡು ಕೂತಿದ್ರು, ಗುಡ್ಡೆ ಇಪ್ಪತ್ತು ರೂಪಾಯಿ. ತಂದೆ. ಬೇಳೆ, ಹೆಚ್ಚಿದ ಮಾವಿನಕಾಯಿ, ಹಸಿಮೆಣಸಿನಕಾಯಿ, ಅರಿಶಿನ, ಉಪ್ಪು, ಎಲ್ಲಾ ಒಟ್ಟಿಗೆ ಕುಕ್ಕರ್‌ಗೆ ಹಾಕಿ ಮುಚ್ಚಳ ಮುಚ್ಚಿದೆ, ಟೈಮ್ ಉಳಿಯುತ್ತಲ್ಲ ಅಂತ.

ಮೂರು ವಿಷಲ್ ಆದ್ಮೇಲೆ ತೆಗೆದ್ರೆ ಬೇಳೆ ಕಲ್ಲು. ಮತ್ತೆ ಇಟ್ಟೆ, ಐದಾಯ್ತು. ಏಳಾಯ್ತು. ಮಾವಿನಕಾಯಿ ಕರಗಿ ಕಾಣೆಯಾಗಿದೆ, ಬೇಳೆ ಮಾತ್ರ ಒಂದೊಂದೂ ಎಣಿಸ್ಬೋದು ಹಂಗೆ ತಳದಲ್ಲಿ ಕೂತಿದೆ. ಬನಿಯನ್ ಪೂರ್ತಿ ಒದ್ದೆ, ಬಸ್ಸೂ ಹೋಯ್ತು. ಅತ್ತೆಗೆ ಫೋನ್ ಮಾಡಿದೆ.

"ಹುಳಿ ಯಾವಾಗ ಹಾಕಿದ್ರಿ?" ಅಂದ್ರು.

"ಬೇಳೆ ಜೊತೆನೇ ಅತ್ತೆ."

"ಅಯ್ಯೋ ದೇವ್ರೇ, ಮುಂಚೆನೇ ಹುಳಿ ಬಿದ್ರೆ ಬೇಳೆ ಎಲ್ಲಿ ಬೇಯುತ್ತೆ ಹೇಳಿ. ಬೇಳೆ ಬೆಂದ್ಮೇಲೆ ಕಾಯಿ ಹಾಕಿ ಎರಡು ಕುದಿ ಬಂದ್ರೆ ಸಾಕು." ಹಿಂದಿನಿಂದ ನನ್ ಹೆಂಡ್ತಿ ನಗೋದು ಚೆನ್ನಾಗಿ ಕೇಳಿಸ್ತು.

ಆಮೇಲೆ ಫ್ಯಾಕ್ಟರೀಲಿ ಲ್ಯಾಬ್‌ನವನೊಬ್ಬನಿಗೆ ಇದನ್ನ ಹೇಳಿದ್ರೆ ಅವ್ನು ಸೀರಿಯಸ್ಸಾಗಿ ವಿವರಿಸಿದ, ಬೇಳೆ ಕಾಳುಗಳ ಜೀವಕೋಶಗಳನ್ನ ಅಂಟಿಸಿಟ್ಟಿರೋದು ಪೆಕ್ಟಿನ್ ಅನ್ನೋ ಪದಾರ್ಥ, ಅದು ಕರಗಿದ್ರೇನೇ ಬೇಳೆ ಮೆತ್ತಗಾಗೋದು, ಹುಳಿ ನೀರಲ್ಲಿ ಅದು ಸುಲಭಕ್ಕೆ ಕರಗಲ್ಲ ಅಂತ. ಟೊಮೆಟೊ, ಹುಣಸೆಹಣ್ಣು ಎಲ್ಲಕ್ಕೂ ಇದೇ ಕಥೆಯಂತೆ. ಅಮ್ಮ ಸಾರಿಗೆ ಹುಳಿ ಯಾವಾಗ್ಲೂ ಕೊನೇಲಿ ಬಿಡೋದು ನೋಡಿದ್ದೆ, ಅದು ಅಭ್ಯಾಸ ಅಂದ್ಕೊಂಡಿದ್ದೆ.

ಈಗ ಸರಿಯಾಗಿ ಬರುತ್ತೆ. ಅರ್ಧ ಲೋಟ ಬೇಳೆನ ರಾತ್ರಿನೇ ನೆನೆಸಿಡ್ತೀನಿ, ಬೆಳಗ್ಗೆ ಎರಡೇ ವಿಷಲ್, ಪ್ರೆಶರ್ ಇಳಿಯೋ ಅಷ್ಟ್ರಲ್ಲಿ ಕಾಯಿ ಹೆಚ್ಕೊಂಡು, ಬೆಂದ ಬೇಳೆಗೆ ಹಾಕಿ ಐದು ನಿಮಿಷ ಕುದಿಸಿ, ಕಡ್ಲೆಕಾಯಿ ಎಣ್ಣೇಲಿ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಹೋಳು ಬಾಯಲ್ಲಿಟ್ರೆ ಕರಗ್ಬೇಕು, ಆದ್ರೆ ಪಾತ್ರೇಲಿ ಹೋಳಾಗೇ ಕಾಣ್ಬೇಕು, ಅದೇ ಹದ.

ಕಾಯಿ ಯಾವುದು ಅನ್ನೋದೂ ಮುಖ್ಯ ಕಣ್ರೀ. ನಮ್ ಕಡೆ ಎಲ್ಲಿ ನೋಡಿದ್ರೂ ತೋತಾಪುರಿ, ಹಣ್ಣಾದ್ಮೇಲೆ ಬಹಳಷ್ಟು ಗಡಿ ದಾಟಿ ಚಿತ್ತೂರು ಕಡೆ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುತ್ತೆ (2025ರ ಜೂನ್‌ನಲ್ಲಿ ಅಲ್ಲಿ ನಮ್ಮ ಕಾಯಿ ಬಿಡಲ್ಲ ಅಂದಾಗ ಶ್ರೀನಿವಾಸಪುರ ಬಂದ್ ಮಾಡಿದ್ರಲ್ಲ, ನಮ್ಮಾವ ಆವತ್ತು ಊಟಾನೇ ಮಾಡಿರ್ಲಿಲ್ಲ). ತೋತಾಪುರಿ ಕಾಯಿ ಉಪ್ಪುಖಾರ ಹಚ್ಕೊಂಡು ಹಂಗೇ ತಿನ್ನೋಕೆ ಬೆಸ್ಟು, ಪಪ್ಪುಗೆ ಅಷ್ಟು ಹುಳಿ ಸಾಲಲ್ಲ. ಪಪ್ಪುಗೆ ನಾಟಿ ಕಾಯೇ ಬೇಕು, ಕಚ್ಚಿದ್ರೆ ಒಂದು ಕಣ್ಣು ತಾನಾಗೇ ಮುಚ್ಕೋಬೇಕು.

ಚಿತ್ರಾನ್ನಕ್ಕೂ ಅದೇ ಮಾತು, ಹುಳಿ ಕೊನೇಲಿ. ನಾನು ಮುಂಚೆ ತುರಿದ ಮಾವಿನಕಾಯಿನ ಒಗ್ಗರಣೆ ಜೊತೆ ಚೆನ್ನಾಗಿ ಹುರೀತಿದ್ದೆ, ಅದು ಮುದ್ದೆ ಮುದ್ದೆಯಾಗಿ ಬಣ್ಣ ಕೆಟ್ಟು ಹೋಗ್ತಿತ್ತು. ಈಗ ಕಡ್ಲೆಬೀಜ, ಕಡ್ಲೆಬೇಳೆ, ಕರಿಬೇವು ಕೆಂಪಗಾದ್ಮೇಲೆ ಅರಿಶಿನ ಹಾಕಿ ಒಲೆ ಆರಿಸ್ಬಿಟ್ಟು ತುರಿ ಹಾಕ್ತೀನಿ, ಬಾಣಲಿ ಬಿಸಿಗೇ ಎಷ್ಟು ಬೇಕೋ ಅಷ್ಟು ಬೇಯುತ್ತೆ. ಡಬ್ಬಿಗೆ ಹಾಕ್ಕೊಂಡು ಹೋದ್ರೆ ಮಧ್ಯಾಹ್ನಕ್ಕೂ ಹಳಸಿರಲ್ಲ, ತೆಂಗಿನತುರಿ ಮಾತ್ರ ಹಾಕ್ಬೇಡಿ ಈ ಬಿಸಿಲಿಗೆ.

ಸಂಜೆ ಊಟ ಅಂದ್ರೆ ಅಂಬಲಿ. ಹಿಟ್ಟು ತಿರುವೋದು ನನ್ ಕೈಲಾಗಲ್ಲ, ಮುಳಬಾಗಿಲಿನವನಾಗಿ ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ನಾನು ಮಾಡಿದ ಮುದ್ದೆ ಒಳಗೆ ಒಣ ಹಿಟ್ಟಿನ ಗಂಟು ಸಿಗೋದು ಗ್ಯಾರಂಟಿ. ಅಂಬಲಿಗೆ ಆ ಕಷ್ಟ ಇಲ್ಲ. ಮೂರು ಚಮಚ ರಾಗಿಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ಲದಂಗೆ ಕದಡಿ, ಕುದಿಯೋ ಮೂರು ಲೋಟ ನೀರಿಗೆ ಬಿಟ್ಟು ಕೈ ಬಿಡದೆ ತಿರುವ್ತಾ ಇರ್ಬೇಕು, ಏಳೆಂಟು ನಿಮಿಷಕ್ಕೆ ಹಸಿ ವಾಸನೆ ಹೋಗಿ ಮೇಲೆ ಒಂಥರಾ ಹೊಳಪು ಬರುತ್ತೆ. ಬೆಳಗ್ಗೆ ಕಾಯಿಸಿ ಮಣ್ಣಿನ ಮಡಕೇಲಿ ಮುಚ್ಚಿಟ್ಟು ಹೋದ್ರೆ ಸಂಜೆಗೆ ಲೈಟಾಗಿ ಹುಳಿ ಬಂದಿರುತ್ತೆ, ಆವಾಗ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಮಜ್ಜಿಗೆನ ಬೆಳಗ್ಗೇನೇ ಬೆರೆಸಿಟ್ಟು ನೋಡಿದೀನಿ, ಬಾಯಿಗಿಡೋಕಾಗ್ಲಿಲ್ಲ. ಬಸ್ಸಲ್ಲಿ ಸುಟ್ಟುಕೊಂಡು ಬಂದ ಮೈಗೆ ಎರಡು ಲೋಟ ಇಳಿದ್ರೆ ಆಹಾ. ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ಅಂತ ಹೆಂಡ್ತಿಗೂ ಡಾಕ್ಟ್ರು ರಾಗಿ ತಿನ್ನಿ ಅಂದಿದಾರೆ.

ಜೊತೆಗೆ ನಂಜ್ಕೊಳ್ಳೋಕೆ ಹೆಸರುಬೇಳೆ ಕೋಸಂಬರಿ. ರಾಮನವಮಿ ಮುಗಿದ್ರೂ ನಮ್ಮನೇಲಿ ನಿಂತಿಲ್ಲ. ಬೇಳೆ ಒಂದು ಗಂಟೆ ನೆನೆದ್ರೆ ಸಾಕು, ಸೌತೆಕಾಯಿ, ಒಂದಿಷ್ಟು ಮಾವಿನ ತುರಿ, ಕೊತ್ತಂಬರಿ, ಉಪ್ಪು ಮಾತ್ರ ತಟ್ಟೆಗೆ ಹಾಕ್ಕೊಂಡ್ಮೇಲೆ, ಇಲ್ಲಾಂದ್ರೆ ಸೌತೆಕಾಯಿ ನೀರು ಬಿಟ್ಟು ಸಾರಾಗುತ್ತೆ.

ಟೊಮೆಟೊ ಬಗ್ಗೆ ಹೇಳ್ಲೇಬೇಕು, ಕೋಲಾರದವ್ರಲ್ವಾ. ಪಕ್ಕದ್ಮನೆ ಅಣ್ಣ ಎಪಿಎಂಸಿ ಮಂಡೀಲಿ ಕೆಲಸ ಮಾಡ್ತಾರೆ, ಮೊನ್ನೆ ರೇಟ್ ಬಿದ್ದು ಹೋಗಿದೆ ಅಂತ ಹದಿನೈದು ಕೆಜಿ ಬಾಕ್ಸಲ್ಲಿ ಅರ್ಧ ನಮ್ಮನೆ ಬಾಗಿಲಿಗೆ ಸುರಿದು ಹೋದ್ರು. 2023ರ ಜುಲೈನಲ್ಲಿ ಇದೇ ಬಾಕ್ಸ್ ಎರಡು ಸಾವಿರ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಇಡ್ತಿದ್ರು. ಗೊಜ್ಜು ಮಾಡಿ ಫ್ರಿಡ್ಜಲ್ಲಿಟ್ಟೆ, ಒಂದಷ್ಟು ಕೆಳಗಿನ ಮನೆಗೆ ಕೊಟ್ಟೆ, ಇನ್ನೂ ಬುಟ್ಟೀಲಿ ಕೂತಿದೆ.

ಕಲ್ಲಂಗಡಿ, ಕರ್ಬೂಜಕ್ಕೆಲ್ಲ ರೆಸಿಪಿ ಬೇಕಿಲ್ಲ, ಕೊಯ್ದು ತಿನ್ನಿ.

ಭಾನುವಾರ ಅತ್ತೆ ಊರಿಗೆ ಹೋಗ್ತಿದೀನಿ. ಬರುವಾಗ ಖಾಲಿ ಚೀಲ ತಗೊಂಡು ಬನ್ನಿ, ಹಿತ್ಲಲ್ಲಿ ನಾಟಿ ಕಾಯಿ ಬಲಿತಿದೆ ಅಂತ ಅತ್ತೆ ಹೇಳಿದಾರೆ. ಟೊಮೆಟೊ ತುಂಬಿಸ್ಕೊಂಡೇ ಹೋಗ್ತೀನಿ.